ಪಟ್ಟಿಯಲ್ಲಿಲ್ಲದ ಊರು

ಫಾದರ್ ರಾಯಪ್ಪನವರು ಹೆಸರು ಓದಲೆಂದು ಜೇಬಿನಲ್ಲಿ ಕನ್ನಡಕ ತಡಕುತ್ತಿದ್ದಾಗಲೇ ಮದಲೇನಮ್ಮ ಸೆರಗು ಸರಿಮಾಡಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಕೈಗಳ ಮೇಲೆ ಎರಡೂ ಅಂಗೈ ಊರಿದ್ದಳು. ಏಳಲು ಇನ್ನು ಅರ್ಧ ಉಸಿರಷ್ಟೇ ಬಾಕಿ. ಚಾಮರಾಜನಗರದ ಇಗರ್ಜಿಯ ಹಿಂದಿನ ಸಭೆಯ ಹಾಲಿನಲ್ಲಿ ಕೂತಿದ್ದ ಉಪದೇಶಿಗಳು, ಕನ್ಯಾಸ್ತ್ರೀಯರು, ಸಂಘದ ಕಾರ್ಯಕರ್ತೆಯರು ಆಗಲೇ ಒಂದೆರಡು ಸಲ ಅವಳತ್ತ ತಿರುಗಿ ನಕ್ಕಿದ್ದರು. ಧರ್ಮಪ್ರಾಂತ್ಯದವರು ಹೊಸ ಯೋಜನೆ ಮಾಡಿದ್ದರು. ಇಷ್ಟು ದಿನ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದ ಕೆಲಸಗಳನ್ನೆಲ್ಲ, ಅಂದರೆ ಹಾಸಿಗೆ ಹಿಡಿದವರ ಭೇಟಿ, ಹೆಂಗಸರ ಸಂಘ, ಮಕ್ಕಳ ಹಾಸ್ಟೆಲ್ ಎಲ್ಲವನ್ನೂ ವಲಯಕ್ಕೊಬ್ಬರು ಒಟ್ಟಿಗೆ ನೋಡಿಕೊಳ್ಳಬೇಕು. ಪೂಜೆ ಪ್ರಾರ್ಥನೆಯ ಭಾಗ ಗುರುಗಳದ್ದು. ತಿಂಗಳಿಗೊಮ್ಮೆ ಇಬ್ಬರೂ ಕೂತು ಹೊಂದಿಸಿಕೊಳ್ಳಬೇಕು. ಗುಂಡ್ಲುಪೇಟೆ ಕಡೆಯ ಹಳ್ಳಿಗಳನ್ನು ಇಪ್ಪತ್ತೆರಡು ವರ್ಷ ತುಳಿದವಳನ್ನು ಬಿಟ್ಟು ಆ ಜಾಗಕ್ಕೆ ಇನ್ನಾರು?

"ಗುಂಡ್ಲುಪೇಟೆ ವಲಯಕ್ಕೆ, ಬಿಂದುಶ್ರೀ," ಎಂದು ಓದಿದರು ಫಾದರ್.

ಮದಲೇನಮ್ಮ ಎದ್ದೇ ಬಿಟ್ಟಿದ್ದಳು. ಎದ್ದವಳು ಕೂರುವಂತಿಲ್ಲ. ಕಿಟಕಿಯ ಹತ್ತಿರ ಹೋಗಿ, ಬಿಸಿಲು ಬರುತ್ತಿದೆ ಎಂಬಂತೆ ಅದರ ಬಾಗಿಲನ್ನು ಎಳೆದು ಮುಚ್ಚಿದಳು. ಹಿಂದೆ ಚಪ್ಪಾಳೆ. ಅವಳು ತಿರುಗುವಷ್ಟರಲ್ಲಿ ಬಿಂದುಶ್ರೀ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

"ಅತ್ತೆ, ನಂಗೆ ಗೊತ್ತೇ ಇರ್ಲಿಲ್ಲ ಅತ್ತೆ. ನೀವು ಜೊತೆಗಿದ್ರೆ ಮಾತ್ರ ನಾನು ಒಪ್ಕಳದು."

"ಇರ್ದೆ ಎಲ್ಲಿಗೋಗಲಿ ಕಣಮ್ಮಿ," ಎಂದಳು ಮದಲೇನಮ್ಮ. ಅವಳ ನಗು ಒಣಗಿದ ತೊಗಲಿನಂತೆ ತುಟಿಗೆ ಅಂಟಿತ್ತು.

ಈ ಬಿಂದುಶ್ರೀ ಉಡಿಗಾಲದ ಪುಟ್ಟಸಿದ್ದಮ್ಮನ ಮಗಳು. ಉಡಿಗಾಲದಲ್ಲಿ ಹೆಂಗಸರ ಮೊದಲ ಸಂಘ ಕಟ್ಟಲು ಹೋದಾಗ ಮದಲೇನಮ್ಮನಿಗೆ ಜಗಲಿ ಬಿಟ್ಟುಕೊಟ್ಟವಳು ಪುಟ್ಟಸಿದ್ದಮ್ಮ. ಆಗ ಈ ಹುಡುಗಿ ಮೂಗಿನಲ್ಲಿ ಗೊಣ್ಣೆ ಸುರಿಸಿಕೊಂಡು ತಾಯಿಯ ಸೆರಗಿನ ಹಿಂದೆ ನಿಂತಿರುತ್ತಿದ್ದಳು. ಅವಳನ್ನು ಸಿಸ್ಟರುಗಳ ಹಾಸ್ಟೆಲಿಗೆ ಸೇರಿಸಿದವಳು ಮದಲೇನಮ್ಮ. ಎಸ್ಸೆಸ್ಸೆಲ್ಸಿ ಆದಮೇಲೆ ಮದುವೆ ಮಾಡುತ್ತೇವೆಂದು ಕೂತ ಮನೆಯವರ ಎದುರು ಮೂರು ದಿನ ಹಟ ಹಿಡಿದು ಕಾಲೇಜಿಗೆ ಕಳಿಸಿದವಳೂ ಅವಳೇ. ಮೈಸೂರಿನಲ್ಲಿ ಸಮಾಜಕಾರ್ಯ ಓದಿ ಬಂದ ಹುಡುಗಿಯನ್ನು "ನಮ್ಮ ಕೂಸು" ಎಂದು ಕೈಹಿಡಿದು ಫಾದರ್ ಹತ್ತಿರ ಕರೆತಂದವಳೂ ಅವಳೇ. ತಾನು ನೆಟ್ಟ ಸಸಿ ತನ್ನ ಮನೆಯ ಬಿಸಿಲನ್ನೇ ಕಸಿಯಿತೆಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಹೇಳಿಕೊಳ್ಳಲು ಅವಳಿಗೆ ಒಂದು ಕಾರಣವೇನೋ ಸಿಕ್ಕಿತು. ಮರುವಾರ ಪೂಜೆ ಮುಗಿದ ಮೇಲೆ ಫಾದರ್ ರಾಯಪ್ಪನವರನ್ನು ತಡೆದು ನಿಲ್ಲಿಸಿದಳು.

"ನಂಗೇನೂ ಇಲ್ಲ ಫಾದರ್. ಆದ್ರೆ ಶಿಲುಬೆ ಗುರ್ತು ಹಾಕಕ್ಕೂ ಬರದ ಹುಡುಗಿ. ನಮ್ಮ ಜನ ಏನಂದ್ಕಂಡಾರು ಅಂತ."

ಫಾದರ್ ಕನ್ನಡಕ ತೆಗೆದು ಜೇಬಿಗಿಟ್ಟರು. "ಮದಲೇನಮ್ಮ, ನೀವು ಇಷ್ಟು ವರ್ಷ ಹೋದ ಮನೆಗಳಲ್ಲಿ ನಮ್ಮ ಜನ ಎಷ್ಟು ಮನೆ?"

ನಲವತ್ತು ಮನೆಯಲ್ಲಿ ಆರು. ಫಾದರ್ ಉತ್ತರಕ್ಕೆ ಕಾಯಲಿಲ್ಲ. "ಹೊಸ ಕೆಲಸದಲ್ಲಿ ಕಂಪ್ಯೂಟರ್ ಉಂಟು, ಮೈಸೂರಿನ ಮೀಟಿಂಗ್ ಉಂಟು, ಓಡಾಟ ಉಂಟು. ನಿಮ್ಮ ಮಂಡಿ ನೋಡಿಕೊಳ್ಳಿ," ಎಂದು ಹೇಳಿ ಹೋದರು. ಕಾಳಜಿಯಿಂದಲೇ ಹೇಳಿದ್ದರು. ಅದೇ ಅವಳಿಗೆ ಚುಚ್ಚಿತು.

ಹುಡುಗಿಗೆ ಒಂದು ಬೂದು ಬಣ್ಣದ ಸ್ಕೂಟಿ ಬಂತು. ಮದಲೇನಮ್ಮ ಇಪ್ಪತ್ತೆರಡು ವರ್ಷ ಬಸ್ಸಿಗೆ ಕಾದವಳು. ಈರುಳ್ಳಿ ಮೂಟೆಗಳ ಮೇಲೆ, ಚೆಂಡುಹೂವಿನ ಲಾರಿಗಳ ಮುಂದಿನ ಸೀಟಿನಲ್ಲಿ, ಯಾವುದೂ ಸಿಗದಿದ್ದರೆ ನಡೆದೇ ಹೋದವಳು. ಅವಳನ್ನು "ಮದ್ಲೇನಕ್ಕ" ಎನ್ನುತ್ತಿದ್ದ ಹೆಂಗಸರೇ ಬಿಂದುಶ್ರೀಯನ್ನು "ಮೇಡಂ" ಅಂದರು. "ಅಕ್ಕ" ಅನ್ನುವುದು ದೊಡ್ಡದೋ "ಮೇಡಂ" ಅನ್ನುವುದು ದೊಡ್ಡದೋ ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕುವ ಹಾಗಾಯಿತು ಅವಳ ಗತಿ. ಅನ್ನದಲ್ಲಿ ಕಲ್ಲು ಹುಡುಕುವಂತೆ ಹುಡುಗಿಯ ಕೆಲಸದಲ್ಲಿ ತಪ್ಪು ಹುಡುಕಿದಳು. ಸಿಗಲಿಲ್ಲ. ಹುಡುಗಿ ಯಾರ ಹೆಸರನ್ನೂ ಮರೆಯುತ್ತಿರಲಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು, ಮುದುಕರ ಎದುರು ನೆಲದ ಮೇಲೇ ಕೂರುತ್ತಿದ್ದಳು. ನೆಲದ ಮೇಲೆ ಕೂರುವುದನ್ನು ಅವಳಿಗೆ ಕಲಿಸಿದವಳು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಗುಂಡ್ಲುಪೇಟೆ ಇಗರ್ಜಿಯ ಜಗಲಿಯಲ್ಲಿ ಬಿಂದುಶ್ರೀ ಮೊಬೈಲು ಹಿಡಿದು ಕೂತಳು. ಹೆದ್ದಾರಿಯಲ್ಲಿ ಕೇರಳದ ಕಡೆಗೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

"ಅತ್ತೆ, ಹಾಸಿಗೆ ಹಿಡ್ದವ್ರು, ಗಾಯ ಇರೋರು, ಎಲ್ಲರ್ನೂ ಹೇಳ್ತಾ ಹೋಗಿ. ನರ್ಸ್ ಸಿಸ್ಟರ್ ಲಿಸಿಯಾ ಅವರ ಜೀಪು ಇನ್ಮೇಲೆ ಈ ಪಟ್ಟಿ ನೋಡ್ಕಂಡೇ ಓಡಾಡದು. ಯಾರೂ ಬಿಟ್ಟೋಗಬಾರ್ದು."

ಮದಲೇನಮ್ಮ ಹೇಳುತ್ತಾ ಹೋದಳು. ಊರು, ಬೀದಿ, ಮನೆಯ ಗುರುತು, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಲಕ್ವ. ಪುಸ್ತಕವಿಲ್ಲದೆ ಎಲ್ಲವನ್ನೂ ನೆನಪಿನಿಂದಲೇ ಹೇಳಿದಳು. ಹುಡುಗಿಯ ಬೆರಳು ಮೊಬೈಲಿನ ಮೇಲೆ ಟಕಟಕ ಓಡುತ್ತಿತ್ತು. ಒಂದೊಂದು ಹೆಸರು ಬಾಯಿಂದ ಹೊರಟ ಹಾಗೆಲ್ಲ ಅದು ತನ್ನದಾಗಿ ಉಳಿಯಲಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಮನೆಯ ಪಾತ್ರೆಗಳನ್ನು ಒಂದೊಂದಾಗಿ ಬೇರೆಯವರ ಗಾಡಿಗೆ ಎತ್ತಿಕೊಟ್ಟಂತೆ.

"ಮೂವತ್ತಾರಾಯ್ತು. ಕಾರೆಹುಂಡಿಲಿ ಯಾರೂ ಇಲ್ವಾ ಅತ್ತೆ?"

"ಇಲ್ಲ," ಎಂದಳು ಮದಲೇನಮ್ಮ.

ಕಾರೆಹುಂಡಿಯಲ್ಲಿ ದೊಡ್ಡಮಾದಮ್ಮ ಇದ್ದಳು.

ಕಾರೆಹುಂಡಿ ಗೋಪಾಲಸ್ವಾಮಿ ಬೆಟ್ಟದ ಬುಡದ ಹದಿನೈದು ಮನೆಗಳ ಹುಂಡಿ, ಪುಟ್ಟ ಹಳ್ಳಿ. ಸಂಜೆ ಐದರ ಮೇಲೆ ಆನೆಗೆ ಹೆದರಿ ಯಾರೂ ಆ ದಾರಿಯಲ್ಲಿ ಓಡಾಡುವುದಿಲ್ಲ. ಗಂಡ ಸತ್ತ ಹೊಸದರಲ್ಲಿ ಮದಲೇನಮ್ಮ ಅಲ್ಲಿಗೆ ಮೊದಲ ಸಲ ಹೋದಾಗ "ಇಗರ್ಜಿ ಹೆಂಗಸು" ಎಂದು ಒಂದು ಮನೆಯವರೂ ಬಾಗಿಲು ತೆರೆದಿರಲಿಲ್ಲ. ಊರಿನ ಸೂಲಗಿತ್ತಿ ದೊಡ್ಡಮಾದಮ್ಮ ಮಾತ್ರ ಚೊಂಬು ನೀರು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, "ಯಾರ್ನ ಕಳ್ಕಂಡಿಯವ್ವ?" ಎಂದು ಕೇಳಿದ್ದಳು. ಅಷ್ಟು ಕೇಳಿದ್ದಕ್ಕೇ ಮದಲೇನಮ್ಮ ಅವಳ ಜಗಲಿಯಲ್ಲಿ ಹೊತ್ತು ಇಳಿಯುವವರೆಗೆ ಅತ್ತಿದ್ದಳು. ಆ ದೊಡ್ಡಮಾದಮ್ಮನಿಗೆ ಈಗ ಎಂಬತ್ತರ ಹತ್ತಿರ. ಹಿಂದೆ ಮುಂದೆ ಯಾರಿಲ್ಲ. ಸಕ್ಕರೆ ಕಾಯಿಲೆ, ಎಡಗಾಲಿನ ಹಿಮ್ಮಡಿಯಲ್ಲಿ ಒಣಗದ ಹುಣ್ಣು. ವಾರಕ್ಕೆ ಎರಡು ಸಲ ಮದಲೇನಮ್ಮನೇ ಹೋಗಿ ತೊಳೆದು ಪಟ್ಟಿ ಕಟ್ಟಿ, ಮಾತ್ರೆ ಎಣಿಸಿಟ್ಟು ಬರುತ್ತಿದ್ದಳು. ಮೂವತ್ತಾರು ಕೊಟ್ಟಾಯಿತಲ್ಲ, ಒಬ್ಬಳಾದರೂ ತನಗೆ ಉಳಿಯಲಿ.

ಉಳಿದ ಆ ಒಬ್ಬಳ ಮುಂದೆ ಅವಳು ಮನಸ್ಸು ಬಿಚ್ಚುತ್ತಿದ್ದಳು. ಹುಣ್ಣು ತೊಳೆಯುತ್ತಾ ತೊಳೆಯುತ್ತಾ ಸ್ಕೂಟಿಯ ಕತೆ, ಮೇಡಂ ಕತೆ, ಬಿಷಪ್ಪರು ಬಂದಾಗ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿಕೊಂಡ ಕತೆ.

"ಆ ಹುಡುಗಿ ಈ ಕಡೆ ಬಂದ್ರೆ ಒಳಕ್ಕೆ ಸೇರಿಸ್ಬ್ಯಾಡ ಕಣವ್ವ," ಎಂದಳು ಒಮ್ಮೆ. ತಮಾಷೆಗೆ ಅಂದಂತಿತ್ತು. ತಮಾಷೆಯಲ್ಲ.

"ನಂಗ್ಯಾಕವ್ವ ಬ್ಯಾರೆಯವ್ರು. ನೀನಿಲ್ವಾ," ಎಂದು ಮುದುಕಿ ಕಾಲು ಚಾಚಿದಳು. ಆ ಒಂದು ಮಾತನ್ನು ಮದಲೇನಮ್ಮ ಬಸ್ಸಿನಲ್ಲಿ ಗುಂಡ್ಲುಪೇಟೆಯವರೆಗೂ ಬೆಲ್ಲದಂತೆ ಬಾಯಲ್ಲಿಟ್ಟುಕೊಂಡು ಬಂದಳು.

ಜುಲೈ ತಿಂಗಳಲ್ಲಿ ಊರಿಗೆಲ್ಲ ಕೀಲುನೋವಿನ ಜ್ವರ ಬಂತು. ಮದಲೇನಮ್ಮ ಮಲಗಿದವಳು ಬೆರಳು ಮಡಚಲಾಗದೆ ಲೋಟ ಹಿಡಿಯಲೂ ಪಕ್ಕದ ಮನೆಯವರನ್ನು ಕರೆಯುವ ಹಾಗಾಯಿತು. ಬೆಳಗಾದರೆ, ನಾಳೆ ಹೋಗಿಯೇ ತೀರುತ್ತೇನೆ ಅಂದುಕೊಳ್ಳುವಳು. ನಾಳೆಯಾದರೆ ಮೆಟ್ಟಿಲು ಇಳಿಯಲಾಗದು. ಆರನೆಯ ದಿನ ಬಿಂದುಶ್ರೀ ಬಂದಳು. ತಾಯಿ ಕೊಟ್ಟು ಕಳಿಸಿದ ಹುರುಳಿ ಸಾರು, ಮೆತ್ತಗೆ ಬೇಯಿಸಿದ ಅನ್ನ ತಂದಿದ್ದಳು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅವಳ ಮಂಡಿಗೆ ಕಾವು ಕೊಟ್ಟಳು.

"ಅತ್ತೆ, ನೀವೊಬ್ರೇ ಹೋಗ್ತಿದ್ದ ಮನೆ ಯಾವ್ದಾದ್ರೂ ಉಳ್ಕಂಡಿದ್ರೆ ಹೇಳಿ. ನಾಳೆನೇ ಹೋಗ್ಬತ್ತೀನಿ."

ಕಾರೆಹುಂಡಿ ಎಂಬ ಹೆಸರು ಮದಲೇನಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ಹುಡುಗಿ ಸ್ಕೂಟಿಯಲ್ಲಿ ಹೋಗಿ ಇಳಿಯುವುದು, ಮುದುಕಿ ಕಾಲು ಚಾಚುವುದು, ಆಮೇಲೆ ಇವಳು ಬಂದು "ಅಲ್ಲೂ ಒಬ್ಬರಿದ್ದರಲ್ಲ ಅತ್ತೆ" ಎಂದು ಏನೂ ಗೊತ್ತಾಗದಂತೆ ಕಣ್ಣರಳಿಸುವುದು, ಎಲ್ಲವೂ ಕಣ್ಮುಂದೆ ಬಂದುಹೋಯಿತು.

"ಎಲ್ಲಾ ನಿನ್ನ ಪಟ್ಟಿಲೇ ಅವೆ," ಎಂದು ಗೋಡೆಯ ಕಡೆ ಹೊರಳಿದಳು.

ಹದಿಮೂರನೆಯ ದಿನ ಇಗರ್ಜಿಯ ಆಫೀಸಿಗೆ ಫೋನು ಬಂತು. ಕಾರೆಹುಂಡಿಯಿಂದ ಗುಂಡ್ಲುಪೇಟೆಗೆ ಗೂಡ್ಸ್ ಆಟೋದಲ್ಲಿ ಚೆಂಡುಹೂವು ಸಾಗಿಸುವ ಚಂದ್ರಕುಮಾರ್ ಮಾಡಿದ್ದ. ದೊಡ್ಡಮಾದಮ್ಮನ ಕಾಲು ಕಪ್ಪಾಗಿ ಜ್ವರ ಏರಿ ಮಾತು ತಪ್ಪಿತ್ತು. ಹೂವಿನ ಚೀಲಗಳನ್ನು ಇಳಿಸಿ ಅವಳನ್ನೇ ಆಟೋದಲ್ಲಿ ಮಲಗಿಸಿಕೊಂಡು ಹೋಗಿದ್ದ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಕಳಿಸಿದರು. ಜೀವ ಉಳಿಯಬೇಕಾದರೆ ಕಾಲು ತೆಗೆಯಬೇಕು ಎಂದರು ಡಾಕ್ಟರು. ತೆಗೆದರು.

ಮದಲೇನಮ್ಮ ಆಸ್ಪತ್ರೆಯ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದಳು. ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿ ದೊಡ್ಡಮಾದಮ್ಮ ಮಗುವಿನಷ್ಟಾಗಿ ಮಲಗಿದ್ದಳು. ಹೊದಿಕೆ ಒಂದು ಕಡೆ ಪಾದದವರೆಗೆ ಎತ್ತರವಾಗಿತ್ತು, ಇನ್ನೊಂದು ಕಡೆ ಮಂಡಿಯ ಕೆಳಗೆ ಒಂದು ಗೇಣಿಗೇ ತಟ್ಟನೆ ಚಪ್ಪಟೆಯಾಗಿತ್ತು.

"ಬಂದ್ಯಾ," ಎಂದಳು ಮುದುಕಿ. "ನಿನ್ನೇ ಕಾಯ್ತಾ ಇದ್ದೆ ಕಣವ್ವ. ಜ್ವರ ಅಂತೆ ನಿಂಗೆ. ಯಾರೂ ಹೇಳ್ಲಿಲ್ಲ."

"ನೀನ್ಯಾಕವ್ವ ಯಾರ್ಗೂ ಹೇಳ್ಲಿಲ್ಲ? ವಾಸನೆ ಬಂದಾಗ್ಲಾದ್ರೂ..."

"ಚಂದ್ರ ಅಂದ. ಪಕ್ಕದೂರಿಗೆ ಸ್ಕೂಟಿ ಮ್ಯಾಲೆ ಒಬ್ಬ ಹುಡುಗಿ ಬತ್ತಳೆ, ಕಟ್ಟು ಕಟ್ತಳೆ, ಕರ್ಕಬರ್ಲಾ ಅಂದ. ನಾನೇ ಬ್ಯಾಡ ಅಂದ್ಬುಟ್ಟೆ." ಮುದುಕಿ ಒಣಗಿದ ತುಟಿ ಸವರಿಕೊಂಡಳು. "ನಮ್ಮ ಮದ್ಲೇನಂಗೆ ಬೇಜಾರಾಯ್ತದೆ, ಅವಳೇ ಬತ್ತಳೆ ಬುಡು ಅಂದೆ."

ಪಕ್ಕದ ಮಂಚದವರು ಕಿತ್ತಳೆ ಸುಲಿಯುತ್ತಿದ್ದರು. ಮದಲೇನಮ್ಮ ಮಂಚದ ಕಬ್ಬಿಣದ ಅಂಚು ಹಿಡಿದುಕೊಂಡು ನಿಂತೇ ಇದ್ದಳು. ಮುದುಕಿ ಕೂತ್ಕೋ ಅಂದರೂ ಕೂರಲಾಗಲಿಲ್ಲ.

ಆ ತಿಂಗಳ ಸಭೆ ಮತ್ತೆ ಚಾಮರಾಜನಗರದ ಅದೇ ಹಾಲಿನಲ್ಲಿ. ಮೈಸೂರಿನಿಂದಲೂ ಇಬ್ಬರು ಗುರುಗಳು ಬಂದಿದ್ದರು. ಮೊದಲು ಪೂಜೆ ಪ್ರಾರ್ಥನೆಯ ವಿಷಯ, ಆಮೇಲೆ ಹಾಸ್ಟೆಲ್ ವಿಷಯ. ಕೊನೆಗೆ ಫಾದರ್ ರಾಯಪ್ಪನವರು ಬಿಂದುಶ್ರೀಯತ್ತ ತಿರುಗಿದರು.

"ಕಾರೆಹುಂಡಿಯ ಅಜ್ಜಿಯ ವಿಷಯ. ಪಟ್ಟಿಯಲ್ಲಿ ಆ ಊರೇ ಇಲ್ಲ. ಯಾರೂ ಬಿಟ್ಟುಹೋಗಬಾರದು ಅಂತಲೇ ಅಲ್ಲವಾ ಪಟ್ಟಿ ಮಾಡಿದ್ದು? ಹೇಗೆ ಬಿಟ್ಟುಹೋಯಿತು?"

ಬಿಂದುಶ್ರೀ ಎದ್ದು ನಿಂತಳು. ಹಿಂದಿನ ಸಾಲಿನಲ್ಲಿ ಇಬ್ಬರು ಉಪದೇಶಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓದಿದವರ ಕೈಗೆ ಕೊಟ್ಟರೆ ಹೀಗೇ, ಎಂಬಂತಿತ್ತು ಆ ನೋಟ. ಐದು ತಿಂಗಳಿಂದ ಮದಲೇನಮ್ಮ ಈ ಗಳಿಗೆಯನ್ನೇ ಕಾದಿದ್ದಳು. ಹುಡುಗಿ ಹತ್ತು ಜನರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು, ಎಲ್ಲರೂ ತನ್ನತ್ತ ತಿರುಗಿ, ನೀವೇ ಇರಬೇಕಿತ್ತು ಅನ್ನಬೇಕು. ಬಸ್ಸಿನಲ್ಲಿ, ಜ್ವರದಲ್ಲಿ, ಜಪಮಾಲೆ ಹಿಡಿದಾಗಲೂ ಇದನ್ನೇ ಅವಳು ಕಣ್ಣಮುಂದೆ ತಂದುಕೊಂಡಿದ್ದಳು.

"ನನ್ನ ತಪ್ಪು ಫಾದರ್," ಎಂದಳು ಬಿಂದುಶ್ರೀ. "ನಾನೇ ಒಂದ್ಸಲ ಆ ಊರಿಗೆ ಹೋಗಿ ನೋಡ್ಬೇಕಾಗಿತ್ತು."

ಅವಳು ಮದಲೇನಮ್ಮನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಮೈಸೂರಿನ ಗುರುಗಳೊಬ್ಬರು ಏನನ್ನೋ ಬರೆದುಕೊಂಡರು. ಮದಲೇನಮ್ಮನಿಗೆ ಆ ಕ್ಷಣ ಬಂದದ್ದು ಪಶ್ಚಾತ್ತಾಪವಲ್ಲ, ಇನ್ನೊಂದು ಉರಿ. ಇದರಲ್ಲೂ ಇವಳೇ ದೊಡ್ಡವಳಾಗಬೇಕೇ? ಇದನ್ನೂ ಇವಳೇ ತೆಗೆದುಕೊಂಡು ಹೋಗಬೇಕೇ?

ತಾನು ಎದ್ದದ್ದು ಆ ಉರಿಗೋ, ಮುದುಕಿಯ ಚಪ್ಪಟೆಯಾದ ಹೊದಿಕೆ ಕಣ್ಣಿಗೆ ಕಟ್ಟಿದ್ದಕ್ಕೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ.

"ಅವಳದಲ್ಲ ತಪ್ಪು," ಎಂದಳು. "ಕಾರೆಹುಂಡಿಲಿ ಯಾರೂ ಇಲ್ವಾ ಅಂತ ಈ ಕೂಸು ನನ್ನ ಬಾಯ್ಬಿಟ್ಟು ಕೇಳ್ತು. ಇಲ್ಲ ಅಂದೆ. ನಾನು ಜ್ವರದಲ್ಲಿ ಮಲಗಿದ್ದಾಗ ಮನೆಗೆ ಬಂದು ಇನ್ನೊಂದ್ಸಲ ಕೇಳ್ತು. ಆಗ್ಲೂ ಹೇಳ್ಲಿಲ್ಲ."

"ಯಾಕೆ ಮದಲೇನಮ್ಮ?" ಫಾದರ್ ದನಿ ಬಹಳ ಮೆಲ್ಲಗಿತ್ತು.

ಅವಳು ಬಾಯಿ ತೆರೆದಳು. ಇಪ್ಪತ್ತೆರಡು ವರ್ಷದ ಬಸ್ಸು, ಲಾರಿ, ನಡೆದ ದಾರಿ ಎಲ್ಲ ಗಂಟಲಿನವರೆಗೆ ಬಂದವು. "ಅವಳು ನನ್ನವಳಾಗಿರ್ಲಿ ಅಂತ," ಎಂದಷ್ಟೇ ಹೇಳಿ ಕೂತಳು.

ಸಭೆ ಮುಗಿದ ಮೇಲೆ ಫಾದರ್ ಅವಳನ್ನು ಒಳಗೆ ಕರೆದು ಹೇಳಿದ್ದು ಒಂದೇ ಮಾತು. ಇನ್ನು ಮೇಲೆ ಅವಳು ಒಬ್ಬಳೇ ಯಾವ ಮನೆಗೂ ಹೋಗಬಾರದು, ಬಿಂದುಶ್ರೀಯ ಜೊತೆಗೇ ಹೋಗಬೇಕು. ಮನೆಯಲ್ಲೇ ಇರಿ ಅಂದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಹೊರಗೆ ಹುಣಸೆಮರದ ಕೆಳಗೆ ಬಿಂದುಶ್ರೀ ಸ್ಕೂಟಿಗೆ ಒರಗಿ ನಿಂತಿದ್ದಳು.

"ನಿಂಗೆ ಮೊದ್ಲೇ ಗೊತ್ತಿತ್ತಾ?" ಮದಲೇನಮ್ಮ ಕೇಳಿದಳು.

"ಚಂದ್ರಕುಮಾರ್ ಹೇಳಿದ್ರು. ನೀವು ವಾರಕ್ಕೆರಡು ಸಲ ಬತ್ತಿದ್ರಿ ಅಂತ."

"ಮತ್ಯಾಕೆ ಎಲ್ಲಾರ ಮುಂದೆ ಹೇಳ್ಲಿಲ್ಲ?"

"ಹೇಳಿದ್ರೆ ಕಾಲು ವಾಪಸ್ ಬತ್ತಿತ್ತಾ?" ಹುಡುಗಿ ಸ್ಕೂಟಿ ಬಿಟ್ಟು ನೇರ ನಿಂತಳು. "ನಾನು ನಿಮ್ಮನ್ನ ಕೇಳಿದ್ದೆ ಅತ್ತೆ. ಎರಡು ಸಲ. ಇದನ್ನ ನಮ್ಮವ್ವಂಗೆ ಹೇಳಿಲ್ಲ, ಹೇಳಕ್ಕೆ ನಂಗೇ ನಾಚ್ಕೆ. ನಂಗೆ ನಿಮ್ಮ ಮ್ಯಾಲೆ ಕ್ವಾಪ ಅದೆ. ಯಾವಾಗ ಹೋಯ್ತದೋ ಗೊತ್ತಿಲ್ಲ."

"ಇರ್ಲಿ," ಎಂದಳು ಮದಲೇನಮ್ಮ. ಹುಡುಗಿಯ ಒಳ್ಳೆಯತನವನ್ನು ಐದು ತಿಂಗಳು ಸಹಿಸಲಾಗದವಳಿಗೆ ಅವಳ ಕೋಪ ಸಹಿಸಬಹುದಾದದ್ದಾಗಿ ಕಂಡಿತು. "ಇಟ್ಕೊ."

ಅಂದು ಅವಳು ಬಸ್ಸಿನಲ್ಲೇ ಗುಂಡ್ಲುಪೇಟೆಗೆ ಹೋದಳು. ಹುಡುಗಿ ಸ್ಕೂಟಿ ಹತ್ತಿ ಅನ್ನಲಿಲ್ಲ.

ಒಂದು ತಿಂಗಳು ಕಳೆದು ದೊಡ್ಡಮಾದಮ್ಮನನ್ನು ಕಾರೆಹುಂಡಿಗೆ ಕರೆತಂದರು. ಅಕ್ಕಪಕ್ಕದವರು ಸರದಿಯ ಮೇಲೆ ಮುದ್ದೆ, ಸಾರು ಕೊಡುವುದೆಂದೂ, ಸಿಸ್ಟರ್ ಲಿಸಿಯಾ ಹದಿನೈದು ದಿನಕ್ಕೊಮ್ಮೆ ಬಂದು ನೋಡುವುದೆಂದೂ, ನಡುವೆ ವಾರಕ್ಕೆರಡು ಸಲ ಕಾಲಿನ ಪಟ್ಟಿ ಬದಲಾಯಿಸುವುದು ಬಿಂದುಶ್ರೀಯೆಂದೂ ಸಭೆಯಲ್ಲಿ ತೀರ್ಮಾನವಾಯಿತು. ಮೊದಲ ದಿನ ಬಿಂದುಶ್ರೀ ಇಗರ್ಜಿಯ ಮುಂದೆ ಸ್ಕೂಟಿ ನಿಲ್ಲಿಸಿ ಹಾರನ್ ಮಾಡಿದಳು. ಮದಲೇನಮ್ಮ ಹಿಂದೆ ಒಂದು ಮಗ್ಗುಲಾಗಿ ಕೂತಳು. ಚೆಂಡುಹೂವಿನ ಹೊಲಗಳು ಕೊಯ್ಲಾಗಿ ಬೋಳಾಗಿದ್ದವು. ಬೆಟ್ಟದ ತಲೆಯ ಮೇಲೆ ಮಂಜು ಕೂತಿತ್ತು.

ಒಂದೇ ಕೋಣೆಯ ಮನೆ. ಕಿಟಕಿಯಿಲ್ಲ. ಬಾಗಿಲಿನಿಂದ ಬಂದಷ್ಟೇ ಬೆಳಕು. ಬಿಂದುಶ್ರೀ ಕೈ ತೊಳೆದು, ಗೋಡೆಗೆ ಒರಗಿದ್ದ ಮುದುಕಿಯ ಎದುರು ನೆಲದ ಮೇಲೆ ಕೂತು ಹಳೆಯ ಪಟ್ಟಿ ಬಿಚ್ಚತೊಡಗಿದಳು. ಮದಲೇನಮ್ಮ ಹೊಸಿಲ ಮೇಲೆ ನಿಂತಳು.

"ಯಾರ ಮಗಳವ್ವ ನೀನು?" ಮುದುಕಿ ಕೇಳಿದಳು.

"ಉಡಿಗಾಲದ ಪುಟ್ಟಸಿದ್ದಮ್ಮನ ಮಗಳು ಅಜ್ಜಿ."

"ಕೈ ತಣ್ಣಗದೆ. ಚೆಂದಾಗದೆ."

ಹುಡುಗಿ ಪಟ್ಟಿಯನ್ನು ಬಹಳ ಸಡಿಲವಾಗಿ ಸುತ್ತುತ್ತಿದ್ದಳು. ಮೊಂಡುಗಾಲಿಗೆ ಕೆಳಗಿನಿಂದ ಮೇಲಕ್ಕೆ, ಒಂದು ಸುತ್ತಿನ ಅರ್ಧಕ್ಕೆ ಇನ್ನೊಂದು ಕೂರುವಂತೆ ಓರೆಯಾಗಿ ಸುತ್ತಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಜಾರುತ್ತದೆ. ಮದಲೇನಮ್ಮನ ಬೆರಳುಗಳು, ಇನ್ನೂ ಪೂರ್ತಿ ಮಡಚಲಾಗದ ಬೆರಳುಗಳು, ಸೆರಗಿನೊಳಗೆ ತಮ್ಮಷ್ಟಕ್ಕೆ ತಾವೇ ಸುತ್ತುತ್ತಿದ್ದವು. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ತಾನೇ ಕೈ ನಿಲ್ಲಿಸಿ, ಸುತ್ತಿದ್ದನ್ನೆಲ್ಲ ಬಿಚ್ಚಿ, ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಮತ್ತೆ ಮೊದಲಿನಿಂದ ಹಿಡಿದಳು.

"ಮದ್ಲೇನ," ಎಂದಳು ಮುದುಕಿ, "ಬೆಳಕಿಗೆ ಅಡ್ಡ ನಿಂತಿದ್ದೀಯಲ್ಲ. ವಸಿ ಅತ್ಲಾಗಿ ಸರಿ ಕಣವ್ವ. ಕೂಸಿಗೆ ಕಾಣ್ತಿಲ್ಲ."

ಮದಲೇನಮ್ಮ ಹೊಸಿಲು ದಾಟಿ ಅಂಗಳಕ್ಕೆ ಇಳಿದು, ಗೋಡೆಯ ಬದಿಗೆ ಸರಿದು ನಿಂತಳು. ಬಿಸಿಲು ಬಾಗಿಲೊಳಗೆ ನುಗ್ಗಿ ಸಾರಿಸಿದ ನೆಲದ ಮೇಲೆ ಉದ್ದಕ್ಕೆ ಬಿದ್ದಿತು, ಮುದುಕಿಯ ಮಂಡಿಯವರೆಗೆ, ಪಟ್ಟಿ ಸುತ್ತುತ್ತಿದ್ದ ಎರಡು ಎಳೆಯ ಕೈಗಳವರೆಗೆ.